ಬ್ಲೂ ಟಿಕ್ ಬಂದರೆ ಕೆಲಸ ಆದಂತೆಯೇ? ಬಿಕ್ಕಟ್ಟಿನಲ್ಲಿ ದೂರದ ತಂಡಗಳು ಎಡವುವುದೆಲ್ಲಿ

2021ರ ಏಪ್ರಿಲ್, ಮೇ ತಿಂಗಳು. ಕೋವಿಡ್ ಎರಡನೇ ಅಲೆ. ಆಗ ಬೆಂಗಳೂರಿನಲ್ಲಿ ಇದ್ದವರ ಫೋನ್‌ನಲ್ಲಿ ಒಂದಾದರೂ ಸಹಾಯದ ವಾಟ್ಸ್‌ಆ್ಯಪ್ ಗ್ರೂಪ್ ಇದ್ದೇ ಇರುತ್ತಿತ್ತು. ಐಸಿಯು ಬೆಡ್, ಆಕ್ಸಿಜನ್ ಸಿಲಿಂಡರ್, ರೆಮ್‌ಡೆಸಿವಿರ್, ಪ್ಲಾಸ್ಮಾ ಬೇಕೆಂದು ಕೇಳುವವರು ಮತ್ತು ಹುಡುಕಿಕೊಡುವವರು ಎಲ್ಲರೂ ಅದರಲ್ಲೇ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕೆಲವರು ಬೇರೆ ಊರಿನಲ್ಲಿ, ಕೆಲವರು ಬೇರೆ ದೇಶದಲ್ಲಿ ಕೂತು ಇಲ್ಲಿನ ಆಸ್ಪತ್ರೆಗಳಿಗೆ ಕರೆ ಮಾಡುತ್ತಿದ್ದರು.

ಅದಕ್ಕೆ ಒಂದು ವರ್ಷ ಮೊದಲು, 2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾದಾಗ, ಕಚೇರಿಗಳು ಕೂಡ ಹೀಗೇ ಚದುರಿ ಮನೆಮನೆ ಸೇರಿದ್ದವು.

ಇವೆರಡೂ ‘ದೂರದ ತಂಡ’ಗಳೇ. ಒಂದಕ್ಕೆ ಸಂಬಳ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಆದರೆ ಎರಡೂ ಎಡವಿದ ಜಾಗಗಳು ಹೆಚ್ಚುಕಡಿಮೆ ಒಂದೇ. ಇಂಥ ತಂಡಗಳ ಬಗ್ಗೆ ಹರಿದಾಡುವ ಏಳು ನಂಬಿಕೆಗಳನ್ನು ಸಂಶೋಧನೆಯ ಬೆಳಕಿನಲ್ಲಿ ಇಲ್ಲಿ ಪರಿಶೀಲಿಸಿದ್ದೇವೆ.

ಒಂದೇ ನೋಟದಲ್ಲಿ

- ಬಿಕ್ಕಟ್ಟಿನಲ್ಲಿ ದೂರದ ತಂಡಗಳಿಗೆ ಸಾಮಾನ್ಯವಾಗಿ ಮೆಸೇಜ್‌ಗಳ ಕೊರತೆ ಇರುವುದಿಲ್ಲ. ಯಾರು ಮಾಡುತ್ತಿದ್ದಾರೆ, ಮುಗಿಯಿತೇ ಎಂಬುದು ತಿಳಿಯದೆ ಅವು ಸೋಲುತ್ತವೆ.
- ಗ್ರೂಪ್ ದೊಡ್ಡದಾದಷ್ಟೂ ‘ಬೇರೆ ಯಾರೋ ಮಾಡುತ್ತಾರೆ’ ಎಂದುಕೊಳ್ಳುವ ಸಾಧ್ಯತೆ ಹೆಚ್ಚು.
- ‘ಸಂವಹನದ 93% ದೇಹಭಾಷೆ’ ಎಂಬ ಫಾರ್ವರ್ಡ್ ಒಂದು ಸಂಶೋಧನೆಯನ್ನು ತಪ್ಪಾಗಿ ಓದಿದ್ದರ ಫಲ.
- ಮನೆಯಿಂದ ಕೆಲಸ ಒಳ್ಳೆಯದೋ ಕೆಟ್ಟದೋ ಎಂಬುದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ.
- ತುರ್ತು ಪರಿಸ್ಥಿತಿಯಲ್ಲಿ ಮೊದಲ ಕರೆ 108 ಅಥವಾ 112ಕ್ಕೆ. ಗ್ರೂಪ್ ಆಮೇಲೆ.

ದೂರದಿಂದ ಕೆಲಸ ಹೊಸತೇನಲ್ಲ

ಕಚೇರಿಗೆ ಓಡಾಡುವ ಬದಲು ದೂರಸಂಪರ್ಕದ ಮೂಲಕ ಕೆಲಸ ಮಾಡುವುದಕ್ಕೆ ‘ಟೆಲಿಕಮ್ಯೂಟಿಂಗ್’ ಎಂಬ ಹೆಸರನ್ನು ಅಮೆರಿಕದ ಜ್ಯಾಕ್ ನಿಲ್ಸ್ 1973ರಲ್ಲೇ ಕೊಟ್ಟಿದ್ದರು. ಭಾರತದಲ್ಲಿ ಕಾಲ್ ಸೆಂಟರ್, ಬಿಪಿಒ ನೌಕರರು ಮನೆಯಿಂದ ಕೆಲಸ ಮಾಡಬೇಕಾದರೆ ದೂರಸಂಪರ್ಕ ಇಲಾಖೆಯ ಬಿಗಿ ಷರತ್ತುಗಳಿದ್ದವು. 2020ರ ಮಾರ್ಚ್‌ನಲ್ಲಿ ಅವನ್ನು ತಾತ್ಕಾಲಿಕವಾಗಿ ಸಡಿಲಿಸಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ನಿಯಮಗಳೇ ಬಂದವು.

ಅಂದರೆ ಹೆಚ್ಚಿನವರ ಪಾಲಿಗೆ ಇದು ಯೋಚಿಸಿ ಆರಿಸಿಕೊಂಡ ವ್ಯವಸ್ಥೆ ಆಗಿರಲಿಲ್ಲ, ಬಿಕ್ಕಟ್ಟು ತಂದಿಟ್ಟ ವ್ಯವಸ್ಥೆ. ಮುಂದಿನ ಅಂಕಿಅಂಶಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ನಂಬಿಕೆ 1: ಗ್ರೂಪ್‌ನಲ್ಲಿ ಹೆಚ್ಚು ಜನ ಇದ್ದಷ್ಟೂ ಸಹಾಯ ಬೇಗ ಸಿಗುತ್ತದೆ

ವಾಸ್ತವ: ಹೆಸರು ಹಿಡಿದು ಕೇಳದಿದ್ದರೆ ಉಲ್ಟಾ ಆಗುವ ಸಾಧ್ಯತೆಯೇ ಹೆಚ್ಚು

ಇದನ್ನು ಪರೀಕ್ಷಿಸಿದ ಒಂದು ಪ್ರಸಿದ್ಧ ಪ್ರಯೋಗ 1968ರಲ್ಲಿ ಪ್ರಕಟವಾಯಿತು. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಕಾಲೇಜು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಮೈಕ್ ಮತ್ತು ಹೆಡ್‌ಫೋನ್ ಕೊಟ್ಟು ಮಾತಾಡಲು ಹೇಳಿದರು. ಯಾರೂ ಯಾರನ್ನೂ ನೋಡುವಂತಿರಲಿಲ್ಲ. ನಡುವೆ ಒಂದು ದನಿ ತನಗೆ ಫಿಟ್ಸ್ ಬರುತ್ತಿದೆ ಎಂದು ತೊದಲುತ್ತಾ ಸಹಾಯ ಕೇಳತೊಡಗಿತು. ಅದು ಮೊದಲೇ ರೆಕಾರ್ಡ್ ಮಾಡಿಟ್ಟ ದನಿ, ಆದರೆ ವಿದ್ಯಾರ್ಥಿಗಳಿಗೆ ಅದು ಗೊತ್ತಿರಲಿಲ್ಲ.

ಈ ದನಿ ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ 85% ಜನ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ವಿಷಯ ತಿಳಿಸಿದರು. ಇನ್ನೊಬ್ಬರಿಗೂ ಕೇಳಿಸುತ್ತಿದೆ ಎಂದುಕೊಂಡಾಗ ಈ ಪ್ರಮಾಣ 62%ಕ್ಕೆ ಇಳಿಯಿತು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದುಕೊಂಡಾಗ ಬರೀ 31%.

ಹಾಗಾದರೆ ಎದ್ದು ಹೋಗದವರು ಕಲ್ಲುಹೃದಯದವರೇ? ಅಲ್ಲ. ಸಂಶೋಧಕರು ಒಳಗೆ ಹೋಗಿ ನೋಡಿದಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಅವರಿಗೆ ಕಾಳಜಿ ಇತ್ತು, ಆದರೆ ಈ ಕೆಲಸ ‘ನನ್ನದು’ ಎಂಬುದು ಖಚಿತವಿರಲಿಲ್ಲ. ಮನೋವಿಜ್ಞಾನದಲ್ಲಿ ಇದನ್ನು ಹೊಣೆಗಾರಿಕೆ ಹಂಚಿಹೋಗುವುದು ಎನ್ನುತ್ತಾರೆ.

300 ಜನರಿರುವ ಗ್ರೂಪ್‌ನಲ್ಲಿ “ಅರ್ಜೆಂಟ್! ಯಾರಾದರೂ ಸಹಾಯ ಮಾಡಿ ಪ್ಲೀಸ್” ಎಂದು ಬರೆದಾಗ ಆಗುವುದೂ ಇದೇ. ಹತ್ತು ಕೈಮುಗಿದ ಇಮೋಜಿ ಬರುತ್ತವೆ, ಐದು ಹಳೆಯ ನಂಬರ್ ಬರುತ್ತವೆ. ಕರೆ ಮಾಡುವ ಕೆಲಸವನ್ನು ಮಾತ್ರ ಯಾರೂ ಕೈಗೆತ್ತಿಕೊಂಡಿರುವುದಿಲ್ಲ, ಅಥವಾ ಒಂದೇ ಆಸ್ಪತ್ರೆಗೆ ಹನ್ನೆರಡು ಜನ ಕರೆ ಮಾಡಿರುತ್ತಾರೆ.

ಇದಕ್ಕೆ ಪರಿಹಾರ ಹೆಸರು, ಕೆಲಸ, ಸಮಯ ಮೂರನ್ನೂ ಬರೆಯುವುದು. “ರವಿ ಸರ್, ಜಯನಗರದ ಕಡೆಯ ಆಸ್ಪತ್ರೆಗಳಿಗೆ ನೀವು ಕರೆ ಮಾಡ್ತೀರಾ? ಶ್ವೇತಾ ಮೇಡಂ, ಯಶವಂತಪುರದ ಕಡೆ ನೀವು ನೋಡಿ. ಇಬ್ಬರೂ 4:30ರೊಳಗೆ ಇಲ್ಲೇ ತಿಳಿಸಿ.” ಕಚೇರಿಯಲ್ಲೂ ಅಷ್ಟೇ. “ಸಮ್‌ಒನ್ ಪ್ಲೀಸ್ ಚೆಕ್” ಎಂದು ಬರೆದ ಇಮೇಲ್ ಹೆಚ್ಚಾಗಿ ಯಾರ ಕೆಲಸವೂ ಆಗದೆ ಉಳಿಯುತ್ತದೆ.

ನಂಬಿಕೆ 2: ಬ್ಲೂ ಟಿಕ್ ಬಂತು, ‘ಓಕೆ’ ಅಂದರು, ವಿಷಯ ಮುಟ್ಟಿತು

ವಾಸ್ತವ: ಬ್ಲೂ ಟಿಕ್ ಹೇಳುವುದು ಮೆಸೇಜ್ ತೆರೆದರು ಎಂಬುದನ್ನು ಮಾತ್ರ

ಓದಿದ್ದೂ ಅರ್ಥವಾಗಿದ್ದೂ ಬೇರೆ ಬೇರೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತವರ ಜೊತೆಗಾರರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳು ಕೆಲವು ಮಾತುಗಳನ್ನು ಗಂಭೀರವಾಗಿಯೂ ಕೆಲವನ್ನು ವ್ಯಂಗ್ಯವಾಗಿಯೂ ಇನ್ನೊಬ್ಬರಿಗೆ ತಿಳಿಸಬೇಕಿತ್ತು. ಸುಮಾರು 78% ಸಲ ಕೇಳುಗರು ಸರಿಯಾಗಿ ಗುರುತಿಸುತ್ತಾರೆ ಎಂಬುದು ಕಳಿಸಿದವರ ಅಂದಾಜು. ದನಿಯಲ್ಲಿ ಹೇಳಿದಾಗ 73% ಸರಿಯಾಯಿತು. ಇಮೇಲ್‌ನಲ್ಲಿ ಬರೆದಾಗ 56% ಮಾತ್ರ, ಅಂದರೆ ನಾಣ್ಯ ಚಿಮ್ಮಿ ಊಹಿಸಿದ್ದಕ್ಕಿಂತ ತುಸು ಮೇಲು. ಬರೆಯುವವರ ತಲೆಯಲ್ಲಿ ತಮ್ಮ ದನಿ ಕೇಳುತ್ತಿರುತ್ತದೆ. ಓದುವವರಿಗೆ ಅದು ಕೇಳುವುದಿಲ್ಲ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುತ್ತೇವೆ, ಆದರೆ ಟೈಪ್ ಮಾಡಿದ ಮಾತಿನಲ್ಲಿ ಬಲ್ಲವರೂ ಜಗಳಕ್ಕೆ ಬೀಳುವುದು ಹೀಗೆ.

ಇದು ಬರೀ ಮನಸ್ತಾಪದಲ್ಲೇ ಮುಗಿಯಬೇಕೆಂದಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು, ವಿಮಾನಗಳ ದಟ್ಟಣೆ, ಹೊರಡುವ ಆತುರ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ‘ಓಕೆ’ ಎಂಬ ಪದ. ಒಂದು ವಿಮಾನದ ಪೈಲಟ್ ತಾವು ಹೊರಟಿದ್ದೇವೆ ಎಂಬರ್ಥದಲ್ಲಿ ಹೇಳಿದ ಮಾತನ್ನು, ಹೊರಡಲು ಸಿದ್ಧವಾಗಿ ನಿಂತಿದ್ದೇವೆ ಎಂದು ನಿಯಂತ್ರಣ ಕೊಠಡಿ ತಿಳಿಯಿತು. ‘ಓಕೆ’ ಎಂದ ಮೇಲೆ, ಕಾಯಿರಿ ಎಂದೂ ಹೇಳಿತು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನ ರೇಡಿಯೋದಲ್ಲಿ ಮಾತಾಡಿದ್ದರಿಂದ ‘ಓಕೆ’ ಮಾತ್ರ ಸ್ಪಷ್ಟವಾಗಿ ಕೇಳಿಸಿತು, ‘ಕಾಯಿರಿ’ ಕೇಳಿಸಲಿಲ್ಲ.

ಈ ದುರಂತದ ನಂತರ ವಿಮಾನಯಾನದ ಮಾತಿನ ನಿಯಮಗಳು ಬಿಗಿಯಾದವು. ನಿಯಂತ್ರಣ ಕೊಠಡಿ ಕೊಟ್ಟ ಮುಖ್ಯ ಸೂಚನೆಯನ್ನು ಪೈಲಟ್ ಬರೀ ‘ಓಕೆ’ ಎನ್ನುವಂತಿಲ್ಲ, ಸೂಚನೆಯನ್ನೇ ತಿರುಗಿ ಹೇಳಬೇಕು. ಅದು ಸರಿಯಿದೆಯೇ ಎಂದು ಹೇಳಿದವರು ಕೇಳಿಸಿಕೊಳ್ಳಬೇಕು. ಆಪರೇಷನ್ ಥಿಯೇಟರ್‌ಗಳಲ್ಲೂ ಈ ಅಭ್ಯಾಸ ಇದೆ.

ನಮ್ಮ ಗ್ರೂಪ್‌ಗಳಿಗೆ ಇದನ್ನು ತರುವುದು ಸುಲಭ. ಥಂಬ್ಸ್ ಅಪ್ ಹಾಕುವ ಬದಲು “ಸರಿ, ಸಂಜೆ 6ಕ್ಕೆ ಸಿಲಿಂಡರ್ ತಗೊಂಡು ಮನೆಗೇ ತಲುಪಿಸ್ತೀನಿ, ಆಸ್ಪತ್ರೆಗಲ್ಲ” ಎಂದು ಒಂದು ಸಾಲು ಬರೆಯಿರಿ. ತಪ್ಪಾಗಿ ಅರ್ಥವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನಂಬಿಕೆ 3: ‘ವೆರಿಫೈಡ್’ ಎಂದಿದ್ದರೆ ಧೈರ್ಯವಾಗಿ ಕಳಿಸಬಹುದು

ವಾಸ್ತವ: ಯಾರು, ಯಾವಾಗ ವೆರಿಫೈ ಮಾಡಿದರು ಎಂಬುದಿಲ್ಲದ ‘ವೆರಿಫೈಡ್’ಗೆ ಬೆಲೆ ಇಲ್ಲ

ವಾಟ್ಸ್‌ಆ್ಯಪ್ ಫಾರ್ವರ್ಡ್‌ನ ಒಂದು ಗುಣವನ್ನು ನಾವು ಗಮನಿಸುವುದೇ ಇಲ್ಲ. ಮೆಸೇಜ್ ಪಕ್ಕ ಕಾಣುವ ಸಮಯ ನಿಮಗೆ ಅದು ಬಂದ ಸಮಯ. ಮೂಲ ಮೆಸೇಜ್ ಬರೆದ ಸಮಯ ಅಲ್ಲ. ಮೂರು ದಿನ ಹಿಂದೆ ಬರೆದದ್ದೂ ಇವತ್ತು ಬೆಳಿಗ್ಗೆಯದರಂತೆ ಕಾಣುತ್ತದೆ. ಆಸ್ಪತ್ರೆಯ ಬೆಡ್ ಗಂಟೆಗೊಮ್ಮೆ ತುಂಬಿ ಖಾಲಿಯಾಗುವ ಹೊತ್ತಿನಲ್ಲಿ ಮೂರು ದಿನದ ಹಿಂದಿನ ಮಾಹಿತಿ ನಿಜವಾಗಿದ್ದರೂ ಉಪಯೋಗಕ್ಕಿಲ್ಲ. ರೋಗಿಯ ಮನೆಯವರು ಅಂಥ ಇಪ್ಪತ್ತು ನಂಬರ್‌ಗೆ ಕರೆ ಮಾಡುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿರುತ್ತದೆ. ಸಹಾಯ ಸಿಕ್ಕಿದ ಮೇಲೂ ಹಳೆಯ ಮನವಿಗಳು ಸುತ್ತುತ್ತಲೇ ಇರುವ ತೊಂದರೆ 2018ರ ಕೇರಳ ಪ್ರವಾಹದ ಹೊತ್ತಿನಲ್ಲೂ ಕಂಡಿತ್ತು.

ಮೂಲ ಮೆಸೇಜ್ ಅನ್ನು ಗ್ರೂಪ್‌ನಿಂದ ಅಳಿಸಿದರೂ, ಅಷ್ಟರಲ್ಲಿ ಬೇರೆ ಕಡೆಗೆ ಫಾರ್ವರ್ಡ್ ಆದ ಪ್ರತಿಗಳು ಅಳಿಯುವುದಿಲ್ಲ. ಹಾಗಾಗಿ ಗಡಿಯಾರವನ್ನು ಮೆಸೇಜ್ ಒಳಗೇ ಇಡಬೇಕು: “ಮೇ 5, ಬೆಳಿಗ್ಗೆ 11:20ಕ್ಕೆ ನಾನೇ ಕರೆ ಮಾಡಿ ಕೇಳಿದ್ದು. ಸಂಜೆ 5ರ ನಂತರ ಇದನ್ನು ಯಾರಿಗೂ ಕಳಿಸಬೇಡಿ.”

ತಡೆ ಹಾಕಿದರೆ ಹರಿವು ಕಡಿಮೆಯಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಹಲವು ಬಾರಿ ಫಾರ್ವರ್ಡ್ ಆದ ಮೆಸೇಜ್‌ಗಳನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ತಂದಿತು. ಅದಾದ ಮೇಲೆ ಅಂಥ ಫಾರ್ವರ್ಡ್‌ಗಳು 70% ಇಳಿದವು ಎಂದು ಕಂಪನಿಯೇ ಹೇಳಿತು.

ನಂಬಿಕೆ 4: ಸಂವಹನದ 93% ದೇಹಭಾಷೆ, ಆದ್ದರಿಂದ ಕ್ಯಾಮೆರಾ ಆನ್ ಇರಲೇಬೇಕು

ವಾಸ್ತವ: ಆ 93% ಲೆಕ್ಕ ಎಲ್ಲ ಮಾತಿಗೂ ಅನ್ವಯಿಸುವುದಿಲ್ಲ

ಈ ಅಂಕಿ ಬಂದದ್ದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಎರಡು ಸಣ್ಣ ಪ್ರಯೋಗಗಳಿಂದ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ, ಬೇರೆ ಬೇರೆ ಮುಖಭಾವದೊಂದಿಗೆ ಕೊಟ್ಟು, ಹೇಳಿದವರಿಗೆ ಇಷ್ಟವೋ ಕಷ್ಟವೋ ಊಹಿಸಿ ಎಂದು ಕೇಳಲಾಗಿತ್ತು. ಭಾವನೆ ತಿಳಿಸುವಾಗ ಪದ 7%, ದನಿ 38%, ಮುಖ 55% ಎಂಬ ಸೂತ್ರ ಅಲ್ಲಿಂದ ಹುಟ್ಟಿತು. ಭಾವನೆ ಮತ್ತು ಮನೋಭಾವದ ಮಾತು ಬಿಟ್ಟು ಬೇರೆಡೆ ಇದು ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. 93% ಅರ್ಥ ದೇಹಭಾಷೆಯಲ್ಲೇ ಇದ್ದಿದ್ದರೆ ನಾವು ಫೋನ್‌ನಲ್ಲಿ ವಿಳಾಸ ಕೇಳಿ ಯಾರ ಮನೆಯನ್ನೂ ತಲುಪುತ್ತಿರಲಿಲ್ಲ.

ಚಿತ್ರವಿಲ್ಲದೆ ಜೀವ ಉಳಿಸಿದ ದೂರದ ತಂಡಕ್ಕೆ ದೊಡ್ಡ ಉದಾಹರಣೆ ಅಪೊಲೊ 13. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ನೌಕೆಯ ಆಕ್ಸಿಜನ್ ಟ್ಯಾಂಕ್ ಭೂಮಿಯಿಂದ ಸುಮಾರು 3.2 ಲಕ್ಷ ಕಿ.ಮೀ. ದೂರದಲ್ಲಿ ಸ್ಫೋಟಿಸಿತು. ಮೂವರು ಗಗನಯಾತ್ರಿಗಳು ಚಂದ್ರನ ಮೇಲೆ ಇಳಿಯಲು ಮಾಡಿದ್ದ ಪುಟ್ಟ ನೌಕೆಗೆ ಬಂದು ಸೇರಿದರು. ಅಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಏರತೊಡಗಿತು. ಮುಖ್ಯ ನೌಕೆಯ ಚೌಕಾಕಾರದ ಫಿಲ್ಟರ್‌ಗಳು ಪುಟ್ಟ ನೌಕೆಯ ದುಂಡನೆಯ ಜಾಗಕ್ಕೆ ಕೂರುತ್ತಿರಲಿಲ್ಲ. ನೌಕೆಯಲ್ಲಿದ್ದ ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಟೇಪ್‌ಗಳಿಂದಲೇ ಅವನ್ನು ಜೋಡಿಸುವ ದಾರಿಯನ್ನು ಹ್ಯೂಸ್ಟನ್‌ನ ಎಂಜಿನಿಯರ್‌ಗಳು ಕಂಡುಹಿಡಿದರು. ಆ ಸೂಚನೆಗಳನ್ನು ರೇಡಿಯೋದಲ್ಲಿ ಒಂದೊಂದೇ ಹೆಜ್ಜೆಯಾಗಿ ಓದಿ ಹೇಳಲಾಯಿತು. ಏಪ್ರಿಲ್ 17ರಂದು ಮೂವರೂ ಸುರಕ್ಷಿತವಾಗಿ ಮರಳಿದರು.

ನಿಯಂತ್ರಣ ಕೇಂದ್ರದಲ್ಲಿ ಹತ್ತಾರು ತಜ್ಞರಿದ್ದರೂ ಗಗನಯಾತ್ರಿಗಳೊಂದಿಗೆ ಮಾತಾಡುವ ದನಿ ಸಾಮಾನ್ಯವಾಗಿ ಒಂದೇ. ‘ಕ್ಯಾಪ್‌ಕಾಮ್’ ಎಂಬ ಆ ಹುದ್ದೆಯಲ್ಲಿ ಆಗ ಕೂರುತ್ತಿದ್ದವರೂ ಗಗನಯಾತ್ರಿಯೇ, ಏಕೆಂದರೆ ಮೇಲಿರುವವರ ಭಾಷೆ ಅವರಿಗೆ ಗೊತ್ತಿರುತ್ತಿತ್ತು. ನಿಮ್ಮ ಗ್ರೂಪ್‌ನಲ್ಲೂ ರೋಗಿಯ ಮನೆಯವರಿಗೆ ಹದಿನೈದು ಅಪರಿಚಿತರು ಕರೆ ಮಾಡುವ ಬದಲು ಒಬ್ಬರೇ ಮಾತಾಡಲಿ.

ಇಡೀ ದಿನ ವಿಡಿಯೋ ಮೀಟಿಂಗ್ ಸುಸ್ತು ತರುವುದೂ ಸುಳ್ಳಲ್ಲ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣ ಗುರುತಿಸಿದರು: ಹತ್ತಿರದಿಂದ ದಿಟ್ಟಿಸುವ ಮುಖಗಳು, ಪರದೆ ಮೇಲೆ ತನ್ನನ್ನೇ ನೋಡಿಕೊಳ್ಳುತ್ತಿರುವುದು, ಕೂತಲ್ಲೇ ಕೂರಬೇಕಾಗುವುದು, ಸನ್ನೆಗಳನ್ನು ಅರ್ಥ ಮಾಡಿಕೊಳ್ಳಲು ಬೇಕಾಗುವ ಹೆಚ್ಚಿನ ಶ್ರಮ. ಭಾವನಾತ್ಮಕ ವಿಷಯ, ಮೊದಲ ಪರಿಚಯ, ಮನಸ್ತಾಪ ಬಿಡಿಸುವುದು, ಇಂಥದ್ದಕ್ಕೆ ವಿಡಿಯೋ ಒಳ್ಳೆಯದು. ತುರ್ತಿದ್ದರೆ ಫೋನ್ ಕರೆ ಸಾಕು. ಮರೆಯಬಾರದ ವಿವರ ಇದ್ದರೆ ಬರಹವೇ ಬೇಕು.

ನಂಬಿಕೆ 5: ಮನೆಯಿಂದ ಕೆಲಸ ಮಾಡುವವರು ಸೋಮಾರಿಗಳು (ಅಥವಾ: ಮನೆಯಿಂದಲೇ ಹೆಚ್ಚು ಕೆಲಸ ಆಗುತ್ತದೆ)

ವಾಸ್ತವ: ಎರಡಕ್ಕೂ ಪುರಾವೆ ಸಿಗುತ್ತದೆ. ಪರಿಸ್ಥಿತಿ ಯಾವುದು ಎಂಬುದೇ ಮುಖ್ಯ

ಮನೆಯಿಂದ ಕೆಲಸದ ಪರವಾಗಿ ಹೆಚ್ಚು ಉಲ್ಲೇಖವಾಗುವುದು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ 2010-11ರಲ್ಲಿ ನಡೆದ ಒಂಬತ್ತು ತಿಂಗಳ ಪ್ರಯೋಗ. ಮನೆಯಿಂದ ಕೆಲಸ ಮಾಡಿದವರ ಸಾಧನೆ 13% ಹೆಚ್ಚಿತ್ತು. ಆದರೆ ಅವರು ತಾವಾಗಿ ಒಪ್ಪಿ ಬಂದವರು, ಮನೆಯಲ್ಲಿ ಅವರಿಗೆ ಪ್ರತ್ಯೇಕ ಕೋಣೆ ಇತ್ತು. ಪ್ರಯೋಗ ಮುಗಿದ ಮೇಲೆ ಮತ್ತೆ ಆರಿಸಿಕೊಳ್ಳಲು ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಜಾಗ ಬದಲಿಸಿದರು. ಆಗ ಲಾಭ 22%ಕ್ಕೆ ಏರಿತು.

ಕೋವಿಡ್ ಕಾಲದ ಚಿತ್ರ ಬೇರೆ. ಏಷ್ಯಾದ ದೊಡ್ಡ ಐಟಿ ಕಂಪನಿಯೊಂದರ 10,000ಕ್ಕೂ ಹೆಚ್ಚು ನೌಕರರ ದಾಖಲೆ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು: ಕೆಲಸದ ಗಂಟೆ ಏರಿತ್ತು, ಮುಗಿದ ಕೆಲಸ ತುಸು ಇಳಿದಿತ್ತು, ಹಾಗಾಗಿ ಉತ್ಪಾದಕತೆ 8ರಿಂದ 19% ಕುಸಿದಿತ್ತು. ಇದಕ್ಕೆ ಸೋಮಾರಿತನ ಕಾರಣ ಎನ್ನಲಾಗದು, ಅವರು ಹಿಂದಿಗಿಂತ ಹೆಚ್ಚು ಹೊತ್ತು ದುಡಿದಿದ್ದರು. ಮೀಟಿಂಗ್ ಮತ್ತು ಸಮನ್ವಯಕ್ಕೆ ಹೋದ ಸಮಯ ಹೆಚ್ಚಿತ್ತು, ಅಡ್ಡಿಯಿಲ್ಲದೆ ಕೂತು ಮಾಡುವ ಸಮಯ ಕುಗ್ಗಿತ್ತು. ಮನೆಯಲ್ಲಿ ಮಕ್ಕಳಿದ್ದವರಿಗೆ ಹೊಡೆತ ಇನ್ನೂ ಜೋರಾಗಿತ್ತು. ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರನ್ನು ಮನೆ ಮತ್ತು ಕಚೇರಿಗೆ ಲಾಟರಿಯಂತೆ ಹಂಚಿ ನಡೆಸಿದ ಮತ್ತೊಂದು ಪ್ರಯೋಗದಲ್ಲೂ ಮನೆಯವರ ಉತ್ಪಾದಕತೆ 18% ಕಡಿಮೆ ಇತ್ತು.

ಸ್ವಂತ ಕೋಣೆ, ಸ್ವಂತ ಆಯ್ಕೆ ಇರುವ ಮನೆಗೂ, ಒಂದು ಹಾಲ್‌ನಲ್ಲಿ ಇಬ್ಬರ ಮೀಟಿಂಗ್ ಮತ್ತು ಮಗುವಿನ ಆನ್‌ಲೈನ್ ಕ್ಲಾಸ್ ಒಟ್ಟಿಗೇ ನಡೆಯುವ ಮನೆಗೂ ಹೋಲಿಕೆ ಇಲ್ಲ. ಬಿಕ್ಕಟ್ಟಿನಲ್ಲಿ ತಂಡ ನಡೆಸುವವರು ‘ಯಾಕೆ ಆಗಿಲ್ಲ?’ ಎಂದು ಕೇಳುವ ಮೊದಲು ‘ಮನೆಯಲ್ಲಿ ಪರಿಸ್ಥಿತಿ ಹೇಗಿದೆ, ಯಾವ ಹೊತ್ತು ನಿಮಗೆ ಅನುಕೂಲ?’ ಎಂದು ಕೇಳಬೇಕಾದ್ದು ಇದಕ್ಕೇ.

ನಂಬಿಕೆ 6: ಒಳ್ಳೆಯ ನಾಯಕ 24 ಗಂಟೆಯೂ ಆನ್‌ಲೈನ್ ಇರುತ್ತಾನೆ

ವಾಸ್ತವ: ನಿದ್ದೆಗೆಟ್ಟ ನಾಯಕನ ತೀರ್ಮಾನ ಕುಡಿದವರ ತೀರ್ಮಾನಕ್ಕೆ ಸಮ

ಇದು ಬರೀ ಹೋಲಿಕೆಯಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕರಿಗೆ ಇರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ, ಅಂದರೆ 0.03%. ಬೆಳಿಗ್ಗೆ 6ಕ್ಕೆ ಎದ್ದು ರಾತ್ರಿ 11ಕ್ಕೂ ಗ್ರೂಪ್‌ನಲ್ಲಿ ತೀರ್ಮಾನ ಕೊಡುತ್ತಿರುವ ಅಡ್ಮಿನ್ ಆ ಮಿತಿ ದಾಟಿದಂತೆಯೇ.

ಅಪೊಲೊ 13ರ ಸಮಯದಲ್ಲಿ ನಿಯಂತ್ರಣ ಕೇಂದ್ರದಲ್ಲಿ ನಾಲ್ಕು ತಂಡಗಳು ಪಾಳಿಯಲ್ಲಿ ಕೆಲಸ ಮಾಡುತ್ತಿದ್ದವು. ಸ್ಫೋಟವಾದಾಗ ಹೊಣೆ ಹೊತ್ತಿದ್ದ ಜೀನ್ ಕ್ರಾಂಜ್ ಮುಂದಿನ ಪಾಳಿಗೆ ಕುರ್ಚಿ ಬಿಟ್ಟುಕೊಟ್ಟರು. ತಮ್ಮ ತಂಡವನ್ನು ಪಕ್ಕಕ್ಕೆ ಕರೆದೊಯ್ದು ವಾಪಸಾತಿಯ ಲೆಕ್ಕಾಚಾರಕ್ಕೆ ಕೂರಿಸಿದರು.

ಒಬ್ಬರು ಎಷ್ಟು ಜನರನ್ನು ನೋಡಿಕೊಳ್ಳಬಹುದು ಎಂಬುದಕ್ಕೂ ಮಿತಿ ಇದೆ. 1970ರಲ್ಲಿ ಕ್ಯಾಲಿಫೋರ್ನಿಯಾದ ಭೀಕರ ಕಾಳ್ಗಿಚ್ಚಿನ ನಂತರ ರೂಪುಗೊಂಡ ತುರ್ತು ನಿರ್ವಹಣಾ ಪದ್ಧತಿಯಲ್ಲಿ ಒಬ್ಬ ಮುಖ್ಯಸ್ಥನ ಕೈಕೆಳಗೆ 3ರಿಂದ 7 ಜನ, ಸಾಮಾನ್ಯವಾಗಿ 5 ಜನ ಇರಬೇಕು ಎನ್ನುತ್ತಾರೆ. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಇಂಥದ್ದೇ ತಳಹದಿಯ ಮಾರ್ಗಸೂಚಿಯನ್ನು 2010ರಲ್ಲಿ ಹೊರತಂದಿದೆ. 200 ಜನರ ಗ್ರೂಪ್‌ಗೆ ಒಬ್ಬರೇ ಅಡ್ಮಿನ್ ಎಂದರೆ ನಾಯಕತ್ವವೇ ಇಲ್ಲದಂತೆ. ಐದೈದು ಜನರ ಸಣ್ಣ ಗುಂಪುಗಳು, ಪ್ರತಿ ಗುಂಪಿಗೆ ಒಬ್ಬರು ಹೊಣೆಗಾರರು, ಪಾಳಿ ಬದಲಾಗುವಾಗ ಹದಿನೈದು ನಿಮಿಷದ ಹಸ್ತಾಂತರ, ಇಷ್ಟಿದ್ದರೆ ನಾಯಕ ನೆಮ್ಮದಿಯಾಗಿ ಮಲಗಬಹುದು.

ನಂಬಿಕೆ 7: ತಪ್ಪುಗಳೇ ವರದಿಯಾಗದ ತಂಡ ಅತ್ಯುತ್ತಮ ತಂಡ

ವಾಸ್ತವ: ಅಲ್ಲಿ ತಪ್ಪು ಹೇಳಿಕೊಳ್ಳಲು ಜನ ಹೆದರುತ್ತಿರಬಹುದು

1990ರ ದಶಕದಲ್ಲಿ ಅಮೆರಿಕದ ಎಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬ ಅವರ ನಿರೀಕ್ಷೆ ತಲೆಕೆಳಗಾಯಿತು. ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು ಎಂಬ ವಿವರಣೆಗೆ ಅವರು ಬಂದರು. ಹೀಗೆ ಹೆದರದೆ ಮಾತಾಡುವ ವಾತಾವರಣಕ್ಕೆ 1999ರ ಲೇಖನದಲ್ಲಿ ‘ಮಾನಸಿಕ ಸುರಕ್ಷತೆ’ ಎಂಬ ಪದ ಬಳಸಿದರು.

ದೂರದ ತಂಡದಲ್ಲಿ ಇದು ಇನ್ನೂ ಮುಖ್ಯ. ಕಚೇರಿಯಲ್ಲಾದರೆ ಬಾಡಿದ ಮುಖ ನೋಡಿ ಯಾರಾದರೂ ‘ಏನಾಯ್ತು?’ ಎಂದು ಕೇಳಿಯಾರು. ದೂರದಲ್ಲಿದ್ದವರು ತಾವಾಗಿ ಹೇಳದಿದ್ದರೆ ಗೊತ್ತಾಗುವುದಿಲ್ಲ. ‘ಎಲ್ಲಾ ಸರಿ ಇದೆಯಲ್ಲಾ?’ ಎಂದು ಕೇಳಿದರೆ ‘ಹೌದು ಸರ್’ ಎಂಬುದೇ ಉತ್ತರ. ‘ಇದರಲ್ಲಿ ಎಲ್ಲಿ ಎಡವಬಹುದು? ನಾನು ಗಮನಿಸದ್ದು ಏನಿದೆ?’ ಎಂದು ಕೇಳಿ ನೋಡಿ. ಮೊದಲ ಸಲ ಯಾರಾದರೂ ತಪ್ಪು ಹೇಳಿಕೊಂಡಾಗ ಅವರನ್ನು ಗ್ರೂಪ್‌ನಲ್ಲೇ ಗದರಿದರೆ, ಎರಡನೇ ಸಲ ಯಾರೂ ಹೇಳುವುದಿಲ್ಲ.

ನಿಮ್ಮ ಗ್ರೂಪ್‌ಗೆ ಒಂದು ಮಾದರಿ

ಬೆಡ್ ಹುಡುಕಾಟದ ದಿನಗಳು ಮುಗಿದಿದ್ದರೂ ರಕ್ತದ ಮನವಿಗಳು ದಿನವೂ ಬರುತ್ತವೆ. ಮಳೆ, ಪ್ರವಾಹ, ಭೂಕುಸಿತದ ಹೊತ್ತಿಗೆ ಹೊಸ ಗ್ರೂಪ್‌ಗಳು ಹುಟ್ಟುತ್ತವೆ. ಈ ಮಾದರಿ ಇಟ್ಟುಕೊಳ್ಳಿ:

- ಬೇಕಿರುವುದು: ಒ ನೆಗೆಟಿವ್ ರಕ್ತ, 2 ಯೂನಿಟ್
- ಎಲ್ಲಿ: ಆಸ್ಪತ್ರೆಯ ಪೂರ್ತಿ ಹೆಸರು, ಬಡಾವಣೆ, ಊರು
- ಬರೆದದ್ದು: ದಿನಾಂಕ ಮತ್ತು ಸಮಯ
- ಎಷ್ಟು ಹೊತ್ತಿನವರೆಗೆ: ಇಂದು ರಾತ್ರಿ 8ರ ನಂತರ ಕಳಿಸಬೇಡಿ
- ನೋಡಿಕೊಳ್ಳುತ್ತಿರುವವರು: ಒಬ್ಬರ ಹೆಸರು, ಅವರ ಒಪ್ಪಿಗೆ ಪಡೆದ ನಂಬರ್
- ಸ್ಥಿತಿ: ಬೇಕಿದೆ / ಒಬ್ಬರು ಹೊರಟಿದ್ದಾರೆ / ಸಿಕ್ಕಿತು

ಕೊನೆಯ ಸಾಲನ್ನೇ ಜನ ಹೆಚ್ಚು ಮರೆಯುವುದು. ‘ಸಿಕ್ಕಿತು’ ಎಂದು ತಿಳಿಸುವುದೂ ಸಹಾಯದ ಭಾಗ. ಇಲ್ಲದಿದ್ದರೆ ನಾಳೆಯೂ ಯಾರೋ ಅದೇ ರಕ್ತಕ್ಕಾಗಿ ಪರದಾಡುತ್ತಿರುತ್ತಾರೆ.

ಸಾಮಾನ್ಯ ಪ್ರಶ್ನೆಗಳು

*ತುರ್ತು ಇದ್ದಾಗ ಇಷ್ಟೆಲ್ಲ ಬರೆಯುತ್ತಾ ಕೂರಬೇಕೇ?*
ಮೊದಲು 108 ಅಥವಾ 112ಕ್ಕೆ ಕರೆ ಮಾಡಿ. ಗ್ರೂಪ್‌ನಲ್ಲಿ ಬರೆಯುವಾಗ ಎರಡು ನಿಮಿಷ ಹೆಚ್ಚು ಹೋದರೂ, ‘ಯಾವ ಆಸ್ಪತ್ರೆ?’, ‘ಇನ್ನೂ ಬೇಕಾ?’ ಎಂಬ ಹತ್ತಾರು ಕರೆಗಳು ತಪ್ಪುತ್ತವೆ.

*ರೋಗಿಯ ರಿಪೋರ್ಟ್, ಆಧಾರ್ ಪ್ರತಿ ಗ್ರೂಪ್‌ಗೆ ಹಾಕಬಹುದೇ?*
ಬೇಡ. ಕೇಳಿದ ಆಸ್ಪತ್ರೆಗೆ ಅಥವಾ ನೋಡಿಕೊಳ್ಳುತ್ತಿರುವ ಒಬ್ಬರಿಗೆ ಮಾತ್ರ ಕಳಿಸಿ. ಗ್ರೂಪ್‌ಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

*ನಾನು ಅಡ್ಮಿನ್ ಅಲ್ಲ, ಬರೀ ಸದಸ್ಯ. ನಾನೇನು ಮಾಡಲಿ?*
‘ಇದನ್ನು ನಾನು ತಗೋತೀನಿ, 5ಕ್ಕೆ ತಿಳಿಸ್ತೀನಿ’ ಎಂದು ಬರೆಯಿರಿ, ಬರೆದಂತೆ 5ಕ್ಕೆ ತಿಳಿಸಿ. ಆಗದಿದ್ದರೆ ‘ಆಗಲಿಲ್ಲ, ಬೇರೆಯವರು ತಗೊಳ್ಳಿ’ ಎಂದು ಹೇಳಿ. ಆಗಲಿಲ್ಲ ಎಂಬ ಮಾತು ಸಮಯಕ್ಕೆ ಬಂದರೆ ಇನ್ನೊಬ್ಬರು ಹುಡುಕಲು ಶುರು ಮಾಡುತ್ತಾರೆ.

*ಈ ಲೇಖನವನ್ನು ಫಾರ್ವರ್ಡ್ ಮಾಡಬಹುದೇ?*
ಖಂಡಿತ. ಎಲ್ಲ ಗ್ರೂಪ್‌ಗೂ ಕಳಿಸುವ ಬದಲು ನಿಮ್ಮ ಗ್ರೂಪ್‌ನ ಅಡ್ಮಿನ್‌ಗೆ ಹೆಸರು ಹಿಡಿದು ಕಳಿಸಿ, ಮೇಲಿನ ಮಾದರಿಯನ್ನು ಗ್ರೂಪ್ ವಿವರಣೆಯಲ್ಲಿ ಹಾಕಲು ಕೇಳಿ.